ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ: ಚಿನ್ನದ ಗಣಿಯ ಜನವಸತಿ, ವ್ಯಾಪಾರ ಮತ್ತು ಬಾಳುವೆ



ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಇದುವರೆಗೆ ಪ್ರಕಟವಾಗಿರುವ ಬರಹಗಳನ್ನು ಒಂದೆಡೆ ಕೂಡಿಸಿಕೊಂಡು ಓದಿದವರಿಗೆ, ಅವುಗಳಲ್ಲಿ ಬಹುಪಾಲು ಭೂಮಿಯಿಂದ ಎಷ್ಟು ಚಿನ್ನ ಹೊರಬಿತ್ತು, ಎಷ್ಟು ಆಳಕ್ಕೆ ಮನುಷ್ಯರು ಇಳಿದರು, ಲಂಡನ್ನಿನ ಷೇರುದಾರರಿಗೆ ಎಷ್ಟು ಲಾಭಾಂಶ ಹಂಚಿಕೆಯಾಯಿತು ಎಂಬೀ ಮೂರು ಲೆಕ್ಕಗಳ ಸುತ್ತಲೇ ಸುಳಿಯುತ್ತವೆಂಬುದು ಬಹುಬೇಗ ಮನದಟ್ಟಾಗುತ್ತದೆ. ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನವನ್ನು ಕೊಟ್ಟು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಮನುಷ್ಯನನ್ನು ಇಳಿಸಿಕೊಂಡ ನೆಲದ ವಿಷಯದಲ್ಲಿ ಆ ಲೆಕ್ಕಗಳು ಅಲ್ಪವಾದುವೆಂದು ಯಾರೂ ಹೇಳಲಾರರು. ಆದರೆ ಆ ಚಿನ್ನವನ್ನು ತೆಗೆದವನು ಸಂಜೆ ಯಾವ ಮನೆಗೆ ಹೋದನು, ಆ ಮನೆ ಯಾರದಾಗಿತ್ತು, ಅವನ ಹೆಂಡತಿ ರಾಗಿಯನ್ನೂ ಅಕ್ಕಿಯನ್ನೂ ಯಾವ ಅಂಗಡಿಯಲ್ಲಿ, ಯಾರ ಸಾಲದ ಮೇಲೆ ತಂದಳು ಎಂಬುದೂ ಚರಿತ್ರೆಯೇ. ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮೊದಲಿನ ಚರಿತ್ರೆ. ಕಂಪೆನಿಗಳು ಇಲ್ಲಿ ಕಟ್ಟಬಯಸಿದ್ದು ಒಂದು ಪಾಳೆಯವನ್ನು. ಅದಿರು ತೀರಿದೊಡನೆ ಕಿತ್ತುಕೊಂಡು ಹೋಗಬಹುದಾದ ಬೀಡನ್ನು. ಆ ಬೀಡು ಊರಾದುದು, ಕಂಪೆನಿಗಳ ದಫ್ತರಿನಲ್ಲಿ ಇಂದು ಬಂದು ನಾಳೆ ಹೋಗುವ ಕೂಲಿಗಳೆಂದು ಬರೆಯಲ್ಪಟ್ಟವರಿಂದ. ಈ ಮಾತನ್ನು ನಿಮ್ಮೆದುರು ಸಾಧಾರವಾಗಿ ನಿರೂಪಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ಗಣಿಗೆ ಕಂಪೆನಿಗಳು ಬರುವುದಕ್ಕೆ ಮುಂಚೆಯೇ ಇಲ್ಲಿ ಗಣಿ ಇತ್ತು. ಟಿಪ್ಪೂ ಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯನ್ನು ಅಳೆಯುವುದಕ್ಕಾಗಿ 1802ರಲ್ಲಿ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿಯು, ಈ ಸೀಮೆಯ ಮಣ್ಣಿನಲ್ಲಿ ಚಿನ್ನ ದೊರೆಯುವುದೆಂಬ ವದಂತಿಯನ್ನು ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿಸಿದನು. ಊರಿಗಾಂ ಗ್ರಾಮದವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರಿಗೇ ತೊಳೆದು, ಚಿನ್ನದ ಕಣಗಳನ್ನು ತೆಗೆದು ತೋರಿಸಿದರು. ಮಾರಿಕುಪ್ಪದ ಬಳಿ ಅವನು ಕಂಡ ದೃಶ್ಯ ಇನ್ನೂ ಗಮನಾರ್ಹವಾದುದು. ಅಲ್ಲಿ ಗಂಡಸರು ಇಕ್ಕಟ್ಟಾದ ಹೊಂಡಗಳೊಳಗೆ ಇಳಿದು ಕಲ್ಲು ಒಡೆಯುತ್ತಿದ್ದರು. ಒಡೆದ ಕಲ್ಲು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿತ್ತು. ಮೇಲೆ ಹೆಂಗಸರು ಅದನ್ನು ಕುಟ್ಟಿ ಹುಡಿಮಾಡಿ, ನೀರಿನಲ್ಲಿ ಜಾಲಿಸಿ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಹಳ್ಳಿಯ ಅಂಚಿನಲ್ಲಿ ಇರಿಸಲ್ಪಟ್ಟ ಅಸ್ಪೃಶ್ಯ ಕುಟುಂಬಗಳ ವಂಶಪಾರಂಪರ್ಯದ ವಿದ್ಯೆ ಅದು. ಮುಂದೆ ಬಂದ ಉಕ್ಕಿನ ಕುಟ್ಟಾಣಿಗಳೂ ಪಾದರಸದ ಹಲಗೆಗಳೂ ಮಾಡಿದ್ದು ಮೂಲತಃ ಇದೇ ಕೆಲಸವನ್ನು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ವಿದ್ಯಾವಂತರ ಹೆಸರುಗಳನ್ನು ಯಾವ ಕಂಪೆನಿಯ ವರದಿಯೂ ಬರೆದಿಡಲಿಲ್ಲ.

ವಾರೆನ್ನನ ಬರಹವನ್ನು ಓದಿ ಆಸಕ್ತನಾದವನು ಮೈಕೇಲ್ ಲಾವೆಲ್. ಐರ್ಲೆಂಡಿನ ಮೂಲದ ಈ ಸೈನಿಕ ನ್ಯೂಜಿಲೆಂಡಿನ ಯುದ್ಧಗಳಲ್ಲಿ ಭಾಗವಹಿಸಿ, ಅಲ್ಲಿಯ ಚಿನ್ನದ ಗಣಿಗಳ ವಾರ್ತೆಯನ್ನು ಮನಸ್ಸಿನಲ್ಲಿ ತುಂಬಿಕೊಂಡು, ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅವನು ಅರ್ಜಿ ಸಲ್ಲಿಸಿದನು. 1875ರಲ್ಲಿ ಅವನಿಗೆ 20 ವರ್ಷಗಳ ಗುತ್ತಿಗೆ ದೊರೆಯಿತು. ಹಣವಿಲ್ಲದ ಅವನಿಂದ ಆ ಹಕ್ಕು ಜನರಲ್ ಬೆರೆಸ್‌ಫರ್ಡನ ಕೂಟಕ್ಕೂ, ಕಾಲಕ್ರಮದಲ್ಲಿ ಲಂಡನ್ನಿನ ಷೇರು ಮಾರುಕಟ್ಟೆಗೂ ಕೈಬದಲಾಯಿತು. ಈ ವರ್ಷಗಳ ಪಕ್ಕದಲ್ಲಿಯೇ ಮತ್ತೊಂದು ಕಾಲಮಾನವನ್ನು ಇಟ್ಟು ನೋಡದಿದ್ದರೆ ನಮಗೆ ಈ ಊರಿನ ಉಗಮ ಅರ್ಥವಾಗುವುದಿಲ್ಲ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನೂ ಪಕ್ಕದ ಮದರಾಸು ಪ್ರಾಂತ್ಯದ ಜಿಲ್ಲೆಗಳನ್ನೂ ಹಾಳುಗೆಡವಿದ ಮಹಾಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯ ಐದನೆಯ ಒಂದು ಪಾಲಿನಷ್ಟು ನಶಿಸಿತು. ಉತ್ತರ ಆರ್ಕಾಟು ಮತ್ತು ಸೇಲಂ ಕಡೆಗಳಲ್ಲಿ ತುಂಡು ಭೂಮಿಯೂ ಇಲ್ಲದೆ, ಜಮೀನ್ದಾರನ ಹೊಲದಲ್ಲಿ ಜೀತಕ್ಕಿದ್ದ ಆದಿದ್ರಾವಿಡ ಕುಟುಂಬಗಳು ಕ್ಷಾಮಾನಂತರ ಎಲ್ಲಿಯಾದರೂ ಕೂಲಿ ದೊರೆತರೆ ಸಾಕೆಂದು ಹೊರಟ ಕಾಲದಲ್ಲಿಯೇ, ಭೂಮಿಯೊಳಗೆ ಇಳಿಯುವ ಆಳುಗಳು ಬೇಕೆಂದು ಕಂಪೆನಿಗಳು ಹುಡುಕತೊಡಗಿದ್ದವು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಗಣಿ ವ್ಯವಸ್ಥಾಪಕ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಮೊದಲ ವರ್ಷಗಳಲ್ಲಿ ಹೂಡಿದ ಬಂಡವಾಳವೆಲ್ಲ ಕರಗಿ, ಷೇರುದಾರರು ಕೈಚೆಲ್ಲುವ ಸ್ಥಿತಿ ಬಂದಾಗ, ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ತಜ್ಞನು ಪ್ರಾಚೀನರು ತೋಡಿಬಿಟ್ಟಿದ್ದ ಹಳೆಯ ಹೊಂಡಗಳ ಜಾಡನ್ನೇ ಹಿಡಿದು ಕೆಳಗಿಳಿದು, ಚಾಂಪಿಯನ್ ರೀಫ್ ಎಂದು ಮುಂದೆ ಲೋಕಪ್ರಸಿದ್ಧವಾದ ಅದಿರಿನ ಸರಣಿಯನ್ನು ಕಂಡನು. ಅಲ್ಲಿಂದ ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಮೊದಲಾದ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದುವು. ಚಿನ್ನದ ಉತ್ಪತ್ತಿಯ ಮೇಲೆ ಶೇಕಡ 5ರ ರಾಜಧನ ಮೈಸೂರು ಸರ್ಕಾರಕ್ಕೆ ಸಲ್ಲತಕ್ಕದ್ದಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಸಂಸ್ಥಾನದ ಬೊಕ್ಕಸಕ್ಕೆ ಇದು ದೊಡ್ಡ ಆಸರೆಯಾಯಿತು ನಿಜ; ಆದರೆ ಉಳಿದ ತೊಂಬತ್ತೈದು ಪಾಲಿನಲ್ಲಿ ಖರ್ಚು ಕಳೆದು ನಿಂತ ಲಾಭ ಹಡಗು ಹತ್ತಿ ಹೋಯಿತೆಂಬುದೂ ಅಷ್ಟೇ ನಿಜ.

ಇನ್ನು ನಾವು ಕುಳಿತಿರುವ ಈ ಬಂಗಾರಪೇಟೆಯ ಮಾತು. ಬೆಂಗಳೂರಿನ ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಹಾಕಿದಾಗ ಆ ಮಾರ್ಗದಲ್ಲಿ ಹುಟ್ಟಿಕೊಂಡ ಪೇಟೆ ಇದು. ಅಂದಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗರ ಹೆಸರು ಅಂಟಿ ಇದು ಬೌರಿಂಗ್‌ಪೇಟೆಯೆನಿಸಿತು. ಅದಕ್ಕೆ ಹಿಂದೆ ಈ ತಾಲ್ಲೂಕಿನ ಮುಖ್ಯಸ್ಥಳ ಪಾಲಾರ್ ನದಿಯ ದಂಡೆಯ ಬೇತಮಂಗಲವಾಗಿತ್ತು. ಘಟ್ಟದ ಕೆಳಗಿನಿಂದ ಬರುತ್ತಿದ್ದ ಎತ್ತಿನ ಗಾಡಿಗಳ ಹಳೆಯ ಮಾರ್ಗ ಸೊರಗಿ, ಸರಕು ರೈಲನ್ನು ಹತ್ತಿದೊಡನೆ, ಬೇತಮಂಗಲದ ವ್ಯಾಪಾರವೂ ಅದರ ಬೆನ್ನಿಗೆ ಕಚೇರಿಯೂ ಇತ್ತ ಸರಿದುವು. ಗಣಿಗಳು ಚೇತರಿಸಿಕೊಂಡ ಮೇಲೆ ಬೌರಿಂಗ್‌ಪೇಟೆಯ ಭಾಗ್ಯವೇ ಬೇರೆಯಾಯಿತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪದವರೆಗೆ ಹತ್ತು ಮೈಲಿಯ ಕವಲು ಹಳಿ ಬರುವವರೆಗೆ, ಮದರಾಸಿನಿಂದ ಬಂದ ಯಂತ್ರದ ಒಂದೊಂದು ಭಾಗವೂ, ಉಗಿಯ ಎಂಜಿನ್ನುಗಳಿಗೆ ಬೇಕಾದ ಕಲ್ಲಿದ್ದಲೂ ಸೌದೆಯೂ, ಸುರಂಗಕ್ಕೆ ಆನಿಸುವ ಮರಮುಟ್ಟೂ, ದೊರೆಗಳ ಬಂಗಲೆಗೆ ಬೇಕಾದ ಗಾಜಿನ ಸಾಮಾನೂ ಈ ನಿಲ್ದಾಣದಲ್ಲಿ ಇಳಿದು ಎತ್ತಿನ ಗಾಡಿಗೆ ಏರಬೇಕಾಗಿತ್ತು. ಸುತ್ತಲಿನ ಹಳ್ಳಿಗಳ ರೈತನಿಗೆ ಗಣಿಯೊಡನೆ ಒದಗಿದ ಮೊದಲ ಸಂಬಂಧ ಗಾಡಿ ಬಾಡಿಗೆಯದು, ಎರಡನೆಯದು ಸೌದೆಯದು, ಮೂರನೆಯದು ರಾಗಿ, ಅವರೆ, ಹುರುಳಿ, ತರಕಾರಿ, ಹಾಲು, ಕುರಿಗಳದು. ಕೆರೆಯ ನೀರನ್ನು ನಂಬಿದ ಈ ಬಯಲು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ರೈತನ ಬಳಿ ಮಾರುವ ಧಾನ್ಯ ಇರುತ್ತಿರಲಿಲ್ಲ, ಆದರೆ ಗಾಡಿಯೂ ಎತ್ತೂ ಇರುತ್ತಿದ್ದುವು. ಗಣಿಯ ಬಾಡಿಗೆ ಅಂಥ ವರ್ಷಗಳಲ್ಲಿ ಕಂದಾಯ ಕಟ್ಟಿಸಿತು. ಅದೇ ಗಣಿಯ ಸೌದೆಯ ಬೇಡಿಕೆ ಸುತ್ತಲಿನ ಗುಡ್ಡಗಳ ಕುರುಚಲನ್ನು ಬೋಳಿಸಿತು. ಈ ಎರಡನ್ನೂ ಒಟ್ಟಿಗೆ ಹೇಳದೆ ಗಣಿಯಿಂದ ಜಿಲ್ಲೆಗೆ ಉಪಕಾರವಾಯಿತೆಂದೋ ಅಪಕಾರವಾಯಿತೆಂದೋ ತೀರ್ಪು ಕೊಡುವುದು ನ್ಯಾಯವಲ್ಲ.

ಕವಲು ಹಳಿ ಬಂದ ಮೇಲೆ ಗಾಡಿಯ ಬಾಡಿಗೆ ಇಳಿಯಿತು. ಆದರೆ ಬೌರಿಂಗ್‌ಪೇಟೆಯ ಮಂಡಿಗಳು ಬೆಳೆದುವು. ಸಾವಿರಾರು ಕುಟುಂಬಗಳಿಗೆ ಹೊಲವಿಲ್ಲ, ಹಿತ್ತಲಿಲ್ಲ, ಕಣಜವಿಲ್ಲ. ಪ್ರತಿಯೊಂದು ಹಿಡಿ ಅನ್ನವನ್ನೂ ಕೊಂಡೇ ತಿನ್ನಬೇಕಾದ ಇಷ್ಟು ದೊಡ್ಡ ಜನಸಮೂಹವನ್ನು ಕೋಲಾರದ ಸೀಮೆ ಹಿಂದೆಂದೂ ಕಂಡಿರಲಿಲ್ಲ. ತಮಿಳು ನಾಡಿನ ಕಡೆಯ ಅಕ್ಕಿ ಒಂದು ದಿಕ್ಕಿನಿಂದ, ಮೈಸೂರು ಸೀಮೆಯ ರಾಗಿ ಇನ್ನೊಂದು ದಿಕ್ಕಿನಿಂದ ಬಂದು ಇಲ್ಲಿ ಕೂಡುತ್ತಿದ್ದುವು. ತೆಲುಗು ಮಾತಾಡುವ ಶೆಟ್ಟರೂ, ಮುಸಲ್ಮಾನ ವರ್ತಕರೂ, ತಡವಾಗಿ ಬಂದ ಮಾರವಾಡಿಗಳೂ ಈ ವ್ಯಾಪಾರದ ಮೇಲೆ ನಿಂತರು. 1913ರಲ್ಲಿ ಕೋಲಾರದ ಕಡೆಗೆ ಸಣ್ಣ ಹಳಿಯ ರೈಲೂ ಹೊರಟು, ಜಿಲ್ಲೆಯ ಒಳನಾಡು ಈ ಸಂತೆಗೆ ಇನ್ನಷ್ಟು ಹತ್ತಿರವಾಯಿತು.

ಗಣಿಯ ಆಳು ಈ ಧಾನ್ಯವನ್ನು ನಗದು ಕೊಟ್ಟು ತರುತ್ತಿದ್ದುದು ಅಪರೂಪ. ಅವನು ಊರು ಬಿಟ್ಟು ಹೊರಡುವ ದಿನವೇ ಸಾಲಗಾರನಾಗಿರುತ್ತಿದ್ದನು. ಮೇಸ್ತ್ರಿಯು ಹಳ್ಳಿಗೆ ಹೋಗಿ, ಹಳೆಯ ಸಾಲ ತೀರಿಸುವುದಕ್ಕೆಂದೂ ದಾರಿಯ ವೆಚ್ಚಕ್ಕೆಂದೂ ಮುಂಗಡ ಕೊಟ್ಟು, ಹತ್ತಿಪ್ಪತ್ತು ಆಳುಗಳ ಗುಂಪನ್ನು ಕರೆತರುವನು; ಗಣಿಯಲ್ಲಿ ಆ ಗುಂಪು ಅವನ ಹೆಸರಿನಲ್ಲಿಯೇ ದುಡಿಯುವುದು; ಬಟವಾಡೆಯ ದಿನ ಮುಂಗಡದ ಕಂತನ್ನು ಹಿಡಿದುಕೊಂಡು ಉಳಿದುದನ್ನು ಅವನು ಕೊಡುವನು. ಆ ಉಳಿದುದರಲ್ಲಿ ಅಂಗಡಿಯವನ ಲೆಕ್ಕ, ಸಾರಾಯಿ ಅಂಗಡಿಯ ಲೆಕ್ಕ, ಬಡ್ಡಿಗೆ ಕೊಟ್ಟವನ ಲೆಕ್ಕ ತೀರಬೇಕು. ಬಟವಾಡೆಯ ಸಂಜೆ ಗಣಿಯ ಬಾಗಿಲಿನಿಂದ, ಲೈನೆಂದು ಕರೆಯುತ್ತಿದ್ದ ಕೂಲಿಗಳ ಸಾಲುಮನೆಯವರೆಗಿನ ದಾರಿಯಲ್ಲಿ ಈ ಎಲ್ಲರೂ ಕ್ರಮವಾಗಿ ಕಾದಿರುತ್ತಿದ್ದರು; ಆ ದಾರಿಯನ್ನು ದಾಟಿ ಕೈಗೆ ಬಂದದ್ದೇ ಸಂಸಾರದ ಆದಾಯ. ಇಷ್ಟಾದರೂ ಜನ ಹಿಂದಿರುಗಲಿಲ್ಲ, ಇನ್ನಷ್ಟು ಜನ ಬಂದರು. ಕಾರಣ ಸ್ಪಷ್ಟವಾಗಿದೆ. ಹಳ್ಳಿಯಲ್ಲಿ ಅವರ ದುಡಿಮೆಗೆ ಧಾನ್ಯವಿತ್ತು, ಕೂಲಿಯಿರಲಿಲ್ಲ, ಸಾಲವಿತ್ತು, ತೀರುವಳಿಯಿರಲಿಲ್ಲ, ಬೀದಿಯಿತ್ತು, ಅದರಲ್ಲಿ ನಡೆಯುವ ಹಕ್ಕಿರಲಿಲ್ಲ. ಇಲ್ಲಿ ನಾಣ್ಯ ಕೈಗೆ ಬರುತ್ತಿತ್ತು, ಅದು ಎಷ್ಟು ಕಡಿಮೆಯಾದರೂ. ಕತ್ತಲೆಯ ಸುರಂಗದಲ್ಲಿ, ಬೇಯುವ ಬಂಡೆಗಳ ನಡುವೆ, ಕಲ್ಲು ಸಿಡಿದು ಸಾಯುವ ಭಯದಲ್ಲಿ ದುಡಿಯುವುದನ್ನು ಹಳ್ಳಿಯ ಬೆಳಕಿಗಿಂತ ಮೇಲೆಂದು ಅವರು ಎಣಿಸಿದರೆಂಬುದೇ ಅಂದಿನ ಹಳ್ಳಿಯ ಮೇಲಿನ ದೊಡ್ಡ ದೋಷಾರೋಪಣೆ.

1901ರ ಜನಗಣತಿಯ ವೇಳೆಗೆ ಗಣಿಪ್ರದೇಶದ ಜನಸಂಖ್ಯೆ 38,204 ಆಗಿತ್ತು. ಒಂದೆರಡು ದಶಕಗಳ ಹಿಂದೆ ಹೆಚ್ಚುಕಡಿಮೆ ಬಂಜರಾಗಿದ್ದ ನೆಲ ಅದು. ಈ ಜನರಲ್ಲಿ ಯಾರು ಎಲ್ಲಿರಬೇಕೆಂಬುದನ್ನು ಕಂಪೆನಿಗಳು ಬಹು ನಿಖರವಾಗಿ ಗೊತ್ತುಮಾಡಿದುವು. ಎತ್ತರದ ಜಾಗಗಳಲ್ಲಿ ತೋಟ, ಪಡಸಾಲೆ, ಬೆಂಕಿಗೂಡು ಉಳ್ಳ ಬಂಗಲೆಗಳು ಇಂಗ್ಲಿಷರಿಗೆ. ಕಾರ್ನ್‌ವಾಲಿನಿಂದಲೂ ಇಟಲಿಯಿಂದಲೂ ಬಂದ ಗಣಿಗಾರರಿಗೂ ಆಂಗ್ಲೋ ಇಂಡಿಯನ್ ಮೇಲ್ವಿಚಾರಕರಿಗೂ ಅದಕ್ಕಿಂತ ಕೆಳಗಿನ ಮನೆಗಳು. ಕಾವಲಿಗೆ ತಂದ ಪಂಜಾಬಿಗಳಿಗೆ ಬೇರೆ ಸಾಲು. ತಗ್ಗಿನಲ್ಲಿ ಕೂಲಿಗಳ ಲೈನುಗಳು. ತಂಪಾದ ಹವೆಯನ್ನೂ ಕ್ಲಬ್ಬನ್ನೂ ಗಾಲ್ಫ್ ಮೈದಾನವನ್ನೂ ನೋಡಿ ಇದನ್ನು ಪುಟ್ಟ ಇಂಗ್ಲೆಂಡೆಂದು ಕರೆದವರು ಆ ತಗ್ಗಿನ ಕಡೆ ನೋಡಲಿಲ್ಲ. ಲೈನಿನ ಮನೆಯೆಂದರೆ ಬಿದಿರ ತಟ್ಟಿಯ ನಾಲ್ಕು ಗೋಡೆ, ಬಗ್ಗಿ ನುಗ್ಗಬೇಕಾದ ಬಾಗಿಲು, ಸಗಣಿ ಸಾರಿಸಿದ ನೆಲ, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಒಂದು ಮನೆಯ ಕೆಮ್ಮು ಪಕ್ಕದ ಮೂರು ಮನೆಗಳಿಗೆ ಕೇಳಿಸುವಷ್ಟು ತೆಳುವಾದ ನಡುತಟ್ಟಿ. ಗಣಿಯಲ್ಲಿ ಮೂರು ಪಾಳಿಗಳು ನಡೆಯುತ್ತಿದ್ದುದರಿಂದ ಲೈನು ಎಂದೂ ಪೂರ್ತಿ ಮಲಗುತ್ತಿರಲಿಲ್ಲ. ಈ ಮನೆ ಕಂಪೆನಿಯದು. ಕೆಲಸ ಹೋದರೆ ಮನೆಯೂ ಹೋಯಿತು; ಗಂಡ ಗಣಿಯಲ್ಲಿ ಸತ್ತರೆ ಹೆಂಡತಿ ತಟ್ಟಿಯ ಬಾಗಿಲು ಮುಚ್ಚಿ ಹೊರಡಬೇಕು, ಇಲ್ಲವೇ ಮಗನೊಬ್ಬನನ್ನು ಕೆಳಗಿಳಿಸಬೇಕು. ಗಣಿಯ ಕೆಲಸ ತಂದೆಯಿಂದ ಮಗನಿಗೆ ಇಳಿದು ಬಂದುದಕ್ಕೆ ಕೌಶಲದ ಹೆಮ್ಮೆಯೊಡನೆ ಈ ಮನೆಯ ಭಯವೂ ಕಾರಣವಾಗಿತ್ತೆಂದು ನನ್ನ ತಿಳಿವಳಿಕೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಸರ್ಕಾರಕ್ಕೂ ಕಂಪೆನಿಗಳಿಗೂ ಒತ್ತೊತ್ತಾದ ಬಜಾರುಗಳನ್ನು ಕಂಡು ದಿಗಿಲಾಯಿತು. ಗಣಿಪ್ರದೇಶಕ್ಕೆ ಸ್ಯಾನಿಟರಿ ಬೋರ್ಡು ಏರ್ಪಟ್ಟಿತು; ಅಂದಿನ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರಿನ ರಾಬರ್ಟ್‌ಸನ್‌ಪೇಟೆ ನೇರವಾದ ಬೀದಿಗಳೊಡನೆ ನಿರ್ಮಾಣವಾಯಿತು; ಆಂಡರ್ಸನ್‌ಪೇಟೆ ಬೆಳೆಯಿತು. ಇವು ಕಂಪೆನಿಯ ಸೊತ್ತಲ್ಲದ ನೆಲದ ಮೇಲಿನ ಊರುಗಳಾದುದರಿಂದ ಇಲ್ಲಿ ಮೊದಲ ಬಾರಿಗೆ, ಸ್ವಲ್ಪ ಕೂಡಿಟ್ಟ ಮೇಸ್ತ್ರಿ, ದರ್ಜಿ, ಅಂಗಡಿಯವನು, ಉಪಾಧ್ಯಾಯ ಮೊದಲಾದವರು ತಮ್ಮದೆನ್ನಬಹುದಾದ ಗೋಡೆಗಳನ್ನು ಎಬ್ಬಿಸಿದರು.

ಚಿನ್ನವನ್ನು ತೆಗೆಯುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅದರೊಡನೆ ಕಾಯಿದೆಯ ಕಥೆಯೂ ಹೆಣೆದುಕೊಂಡಿದೆ. ಮೇಲೆ ಬಂದ ಅದಿರು ಭಾರವಾದ ಉಕ್ಕಿನ ಕುಟ್ಟಾಣಿಗಳ ಕೆಳಗೆ ನುಣ್ಣಗಾಗಿ, ನೀರಿನೊಡನೆ ಪಾದರಸ ಬಳಿದ ತಾಮ್ರದ ಹಲಗೆಗಳ ಮೇಲೆ ಹರಿಯುವುದು. ಚಿನ್ನ ಪಾದರಸಕ್ಕೆ ಹತ್ತಿಕೊಳ್ಳುವುದು. ಅದನ್ನು ಕೆರೆದು ಕಾಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುವುದು. ಹಲಗೆಗೆ ಸಿಕ್ಕದೆ ಹೋದುದನ್ನು 1890ರ ದಶಕದಿಂದ ಈಚೆಗೆ ಸೈನೈಡಿನ ದ್ರಾವಣದಿಂದ ಹೀರಿ ತೆಗೆದರು. ಹೀರಿಬಿಟ್ಟ ಬೂದುಬಣ್ಣದ ಮಣ್ಣೇ ಇಂದು ನೀವು ಕಾಣುವ ಸೈನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಅವುಗಳ ಧೂಳು ಈಗಲೂ ಮನೆಗಳೊಳಗೆ ಬಂದು ಕೂಡುತ್ತದೆ. ಈ ಕ್ರಮದ ಪ್ರತಿಯೊಂದು ಹಂತದಲ್ಲಿಯೂ ಒಂದು ಚಿಟಿಕೆ ಬೆಲೆಬಾಳುವಂಥದು ಕೈಗೆ ಸಿಕ್ಕುವಂತಿತ್ತು. ಆದುದರಿಂದ ಗಣಿಯ ಬಾಗಿಲಿನಲ್ಲಿ ಆಳುಗಳ ಮೈ ತಡಕಲಾಗುತ್ತಿತ್ತು. ಕಂಪೆನಿಗಳ ಒತ್ತಾಯದ ಮೇರೆಗೆ ಸಂಸ್ಥಾನವು ಮಾಡಿದ ಗಣಿಯ ಕಾಯಿದೆಯಲ್ಲಿ, ಚಿನ್ನದ ಅದಿರೋ ಪಾದರಸದ ಮಿಶ್ರಣವೋ ಒಬ್ಬನ ಬಳಿ ಸಿಕ್ಕಿದರೆ ಅದು ತನಗೆ ನ್ಯಾಯವಾಗಿ ಬಂದುದೆಂದು ಅವನೇ ರುಜುವಾತು ಮಾಡಬೇಕು ಎಂಬ ನಿಯಮ ಸೇರಿತು. ಆರೋಪ ಹೊರಿಸಿದವನು ರುಜುವಾತು ಮಾಡಬೇಕೆಂಬುದು ಆ ದೊರೆಗಳ ದೇಶದ ನ್ಯಾಯದ ಮೂಲಸೂತ್ರ. ಅದು ಮಾರಿಕುಪ್ಪಕ್ಕೆ ಅನ್ವಯಿಸಲಿಲ್ಲ. ತಲೆಮಾರುಗಳಿಂದ ಆ ಮಣ್ಣನ್ನು ತೊಳೆದು ಬದುಕಿದವರ ಸಂತತಿಗೆ ಆ ಮಣ್ಣಿನ ಒಂದು ಹಿಡಿ ಅಪರಾಧವಾಯಿತು.

1902ರ ಜೂನ್ ತಿಂಗಳಲ್ಲಿ ಶಿವಸಮುದ್ರದ ಕಾವೇರಿಯಿಂದ ಸುಮಾರು 92 ಮೈಲಿ ದೂರ ತಂತಿಯ ಮೇಲೆ ವಿದ್ಯುಚ್ಛಕ್ತಿ ಗಣಿಗೆ ಬಂದುದನ್ನು ನಾವು ಮೈಸೂರಿನ ಕೀರ್ತಿಯೆಂದು ಓದಿಕೊಂಡು ಬಂದಿದ್ದೇವೆ, ಅದು ಕೀರ್ತಿಯೇ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಣ್ಣಾರೆ ಕಾಣಲು ಉಳಿದಿರಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದುದು ಮೂರು ವರ್ಷ ತಡವಾಗಿ, 1905ರಲ್ಲಿ. ತಂತಿ ಹಾಯ್ದುಹೋದ ಹಳ್ಳಿಗಳಿಗೆ ಅದರಿಂದ ಏನೂ ದೊರೆಯಲಿಲ್ಲ. ನೀರಿನ ವಿಷಯವೂ ಹೀಗೆಯೇ: ಬೇತಮಂಗಲದಲ್ಲಿ ಪಾಲಾರಿನ ನೀರನ್ನು ತಡೆದು ಗಣಿಗೆ ಏರಿಸಿದರು. ಹೀಗೆ ಕಾವೇರಿಯ ಬಲವೂ ಪಾಲಾರಿನ ನೀರೂ ಕೋಲಾರದ ಧಾನ್ಯವೂ ಆರ್ಕಾಟಿನ ತೋಳೂ ಒಂದು ಸ್ಥಳದಲ್ಲಿ ಕೂಡಿದುವು.

ಅಲ್ಲಿ ಕೂಡಿದ ಜನ ಕೇವಲ ದುಡಿದು ಮಲಗಲಿಲ್ಲ. ಒಂದೇ ಹಳ್ಳಿಯಿಂದ ಬಂದವರು ಒಂದೇ ಲೈನಿನಲ್ಲಿ ನೆಲೆಸಿ, ಊರಿನ ಮಾರಮ್ಮನಿಗೆ ಇಲ್ಲಿಯೂ ಗುಡಿ ಕಟ್ಟಿದರು. ಮೇಸ್ತ್ರಿಯ ಬಡ್ಡಿಯಿಂದ ಪಾರಾಗಲು ಹೆಂಗಸರೂ ಗಂಡಸರೂ ಚೀಟಿ ಹಾಕಿದರು. ಮದುವೆಗೂ ಸಾವಿಗೂ ಲೈನೇ ನೆಂಟಸ್ತಿಕೆಯಾಯಿತು. ಮಿಷನರಿಗಳ ಶಾಲೆಗಳಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ಇನ್ನೂ ಮುಂದಕ್ಕೆ ಹೋಯಿತು. ಮದರಾಸಿನಲ್ಲಿ ಪಂಡಿತ ಅಯೋತಿದಾಸರು 1898ರಲ್ಲಿ ಆರಂಭಿಸಿದ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪದಲ್ಲಿ ಬಲವಾದ ಶಾಖೆ ಏರ್ಪಟ್ಟಿತು. ಜಾತಿಯ ಹೀನತೆ ತಮಗೆ ಹುಟ್ಟಿನಿಂದ ಬಂದುದಲ್ಲ, ತಮ್ಮ ಪೂರ್ವಿಕರು ಬೌದ್ಧರಾಗಿದ್ದುದಕ್ಕಾಗಿ ಹೊರಿಸಲ್ಪಟ್ಟುದು ಎಂಬ ಅವರ ವಾದವನ್ನು, ಪಾಳಿ ಮುಗಿಸಿ ಬಂದ ಗಣಿಯ ಆಳುಗಳು ಸಂಜೆಯ ಸಭೆಗಳಲ್ಲಿ ಚರ್ಚಿಸಿದರು. 1914ರಲ್ಲಿ ಪಂಡಿತರು ಕಾಲವಾದ ಮೇಲೆ, ಅವರ ‘ತಮಿಳನ್’ ಪತ್ರಿಕೆ ಮುಂದೆ ಚಾಂಪಿಯನ್ ರೀಫ್ಸಿನಿಂದ ಹೊರಟಿತು. ಸಿದ್ಧಾರ್ಥ ಮುದ್ರಣಾಲಯ ಅಲ್ಲಿಂದಲೇ ಪುಸ್ತಕಗಳನ್ನು ಪ್ರಕಟಿಸಿತು. ಬಿದಿರ ತಟ್ಟಿಯ ಮನೆಗಳ ನಡುವೆ, ಕೂಲಿಯ ಹಣದಿಂದ, ಒಂದು ಅಚ್ಚುಕೂಟ! ಮೈಸೂರು ಸಂಸ್ಥಾನದ ಜ್ಞಾನೋದಯವನ್ನು ಕುರಿತ ನಮ್ಮ ಗ್ರಂಥಗಳಲ್ಲಿ ಅರಮನೆಗೂ ವಿಶ್ವವಿದ್ಯಾನಿಲಯಕ್ಕೂ ಸಂದಿರುವ ಪುಟಗಳಲ್ಲಿ ಒಂದಾದರೂ ಇದಕ್ಕೆ ಸಲ್ಲಬೇಕು. ಅದು ತಮಿಳಿನಲ್ಲಿ ನಡೆಯಿತೆಂಬ ಕಾರಣಕ್ಕೆ ಕನ್ನಡ ನಾಡಿನ ಚರಿತ್ರೆಯಿಂದ ಹೊರಗಾಗಲಾರದು. ನಮ್ಮ ನೆಲದ ಮೇಲೆ, ನಮ್ಮ ರಾಗಿಯನ್ನುಂಡು, ನಮ್ಮ ಬೊಕ್ಕಸವನ್ನು ತುಂಬಿದ ಜನರ ಚಿಂತನೆ ಅದು. ಅದನ್ನು ನಮ್ಮದೆಂದು ಓದಿಕೊಳ್ಳದಿರುವುದರಿಂದ ನಷ್ಟ ನಮಗೇ.

ಈ ಸಂಘಟನೆಯ ಬಲ 1930ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬ ಆಳೂ ಬೆರಳಚ್ಚು ಒತ್ತಿ, ನೋಂದಣಿಯ ಪತ್ರ ಪಡೆದೇ ಕೆಲಸಕ್ಕೆ ಬರಬೇಕೆಂದು ಕಂಪೆನಿಗಳು ಕಟ್ಟಳೆ ಮಾಡಿದಾಗ, ಕಳ್ಳರ ಕೈಗೆ ಹಚ್ಚುವ ಮಸಿಯನ್ನು ತಮ್ಮ ಕೈಗೆ ಹಚ್ಚಿಸಿಕೊಳ್ಳುವುದಿಲ್ಲವೆಂದು ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಆಗಿನ್ನೂ ಅವರಿಗೆ ಕಾಯಿದೆಯ ಮನ್ನಣೆ ಪಡೆದ ಕಾರ್ಮಿಕ ಸಂಘವಿರಲಿಲ್ಲ. ಇದ್ದುದು ಲೈನು, ಗುಡಿ, ಚೀಟಿ, ಸಭೆ. ಕಂಪೆನಿಗಳು ಆ ಕಟ್ಟಳೆಯನ್ನು ಹಿಂತೆಗೆದುಕೊಂಡುವು.

ನನ್ನ ವಿಷಯದ ಕಾಲಾವಧಿ ಅಲ್ಲಿಗೆ ಮುಗಿಯುತ್ತದೆ. ಉಳಿದುದನ್ನು ಬಹು ಸಂಕ್ಷೇಪವಾಗಿ ಹೇಳಬೇಕಾಗಿದೆ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದುವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಪಾಳೆಯವಾಗಿದ್ದಿದ್ದರೆ ಅಂದು ಅದು ಏಳಬೇಕಾಗಿತ್ತು, ಜನ ಏಳಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ನಸುಕಿನಲ್ಲಿ ಮಾರಿಕುಪ್ಪದಲ್ಲಿ ರೈಲು ಹತ್ತಿ, ಈ ಬಂಗಾರಪೇಟೆಯನ್ನು ದಾಟಿ, ಬೆಂಗಳೂರಿನ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದು ರಾತ್ರಿ ಅದೇ ಲೈನುಗಳಿಗೆ ಹಿಂದಿರುಗುತ್ತಾರೆ. ತಟ್ಟಿಯ ಜಾಗದಲ್ಲಿ ಈಗ ಇಟ್ಟಿಗೆಯ ಗೋಡೆಗಳಿವೆ. ಅವುಗಳೊಳಗೆ ಮೂರು ನಾಲ್ಕು ತಲೆಮಾರು ಬಾಳಿದ ಕುಟುಂಬಗಳ ಹೆಸರಿಗೆ ಆ ಮನೆಗಳ ಹಕ್ಕುಪತ್ರ ಬರೆದುಕೊಡಬೇಕೆಂಬ ಬೇಡಿಕೆ ಗಣಿ ಮುಚ್ಚಿದಂದಿನಿಂದ ಸರ್ಕಾರಗಳ ಮುಂದಿದೆ. ಅದು ನ್ಯಾಯವಾದುದೆಂದು ಈ ವೇದಿಕೆಯಿಂದ ಹೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.